ಪ್ಲೇಫುಲ್

ಎರಡನೇ ತರಗತಿಯ ಮಗಳ ಅಂಕಪಟ್ಟಿಗೆ ಸಹಿ ಹಾಕಲು ಕೂತಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು: ‘ವೆರಿ ಪ್ಲೇಫುಲ್.’ ಅದು ದೂರು ಎಂದು ಯಾರೂ ವಿವರಿಸಬೇಕಿರಲಿಲ್ಲ. ನಮ್ಮ ಕಡೆಯ ಶಾಲೆಗಳಲ್ಲಿ ಆ ಮಾತಿಗೆ ಅರ್ಥ ಒಂದೇ: ಪಾಠದ ಕಡೆ ಗಮನವಿಲ್ಲ, ಬರೀ ಆಟ.

ಇಂಗ್ಲಿಷೇ ಮನೆಮಾತಾದವರಿಗೆ ಅದು ಹೆಚ್ಚಾಗಿ ಮುದ್ದಿನ ಮಾತು. ಬೆಕ್ಕಿನ ಮರಿ ಪ್ಲೇಫುಲ್, ಒಳ್ಳೆಯ ಪ್ರಬಂಧದ ಧಾಟಿ ಪ್ಲೇಫುಲ್. ಯಾರಾದರೂ ಪ್ಲೇಫುಲ್ ಆಗಿ ಕೆಣಕಿದರು ಎಂದರೆ ನೋಯಿಸುವ ಮನಸ್ಸಿರಲಿಲ್ಲ ಎಂದರ್ಥ. ಈ ಭರವಸೆಯೇ ಆ ಪದದ ಚೆಲುವು.

ಕನ್ನಡದಲ್ಲಿ ಅದಕ್ಕೆ ಸಮನಾದದ್ದನ್ನು ಹುಡುಕಿದೆ. ‘ತುಂಟ’ ಎಂದರೆ ಸ್ವಲ್ಪ ಕಿತಾಪತಿಯೂ ಸೇರುತ್ತದೆ. ‘ಲವಲವಿಕೆ’ಯಲ್ಲಿ ಉತ್ಸಾಹವಿದೆ, ಆಟವಿಲ್ಲ. ‘ಚೆಲ್ಲು’ ಎನ್ನುವುದು ಬೈಗುಳಕ್ಕೆ ಹತ್ತಿರ. ಉಳಿದದ್ದು ‘ಆಟಗುಳಿ’. ಆದರೆ ಆ ‘ಗುಳಿ’ಯ ನೆಂಟರನ್ನು ನೋಡಿ: ಮರೆಗುಳಿ, ಲಂಚಗುಳಿ. ಟೀಚರು ಇಂಗ್ಲಿಷಿನಲ್ಲಿ ಬರೆದಿದ್ದರೂ ಆಡಿದ್ದು ಕನ್ನಡದ ಮಾತನ್ನೇ.

ಗುಣವಾಚಕದಲ್ಲಿ ಇಷ್ಟು ಬಿಗಿಯಾದ ಭಾಷೆ ಕ್ರಿಯಾಪದಕ್ಕೆ ಬಂದರೆ ಎಷ್ಟು ಧಾರಾಳಿ! ನಾವು ಮಾತನ್ನು ಆಡುತ್ತೇವೆ, ಉಸಿರನ್ನೂ ಆಡುತ್ತೇವೆ. ಓಡಾಡುತ್ತೇವೆ, ಒದ್ದಾಡುತ್ತೇವೆ, ನಲಿದಾಡುತ್ತೇವೆ. ಕರಾವಳಿಯಲ್ಲಿ ‘ಇವತ್ತು ರಾತ್ರಿ ಆಟ ಉಂಟು’ ಎಂದರೆ ಯಕ್ಷಗಾನ. ಇಂಗ್ಲಿಷಿನವರಿಗೂ ನಾಟಕವೆಂದರೆ ‘ಪ್ಲೇ’. ಕಾದಾಡುವುದರಲ್ಲೂ ಹೋರಾಡುವುದರಲ್ಲೂ ‘ಆಡು’ ಇದೆ. ಹಳೆಯ ಇಂಗ್ಲಿಷಿನ ಕಾವ್ಯದಲ್ಲೂ ಯುದ್ಧಕ್ಕೆ ಕತ್ತಿಯ ಆಟ, ಈಟಿಯ ಆಟ ಎಂಬಂಥ ಸಮಾಸಗಳಿದ್ದವು ಎಂದು ತಿಳಿದಾಗ, ಎಲ್ಲೋ ದೂರದ ಊರಿನಲ್ಲಿ ನಮ್ಮ ಮನೆತನದ ಹೆಸರು ಕೇಳಿದಂತಾಯಿತು.

ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಲ್ಯಾಟಿನ್ನಿನ ‘ಲೂಡುಸ್’. ಆಟಕ್ಕೂ ಅದೇ ಪದ, ಚಿಕ್ಕ ಮಕ್ಕಳು ಅಕ್ಷರ ಕಲಿಯುವ ಶಾಲೆಗೂ ಅದೇ ಪದ. ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗಾ 1938ರಲ್ಲಿ ಪ್ರಕಟಿಸಿದ ‘ಹೋಮೊ ಲೂಡೆನ್ಸ್’ ಎಂಬ ಪುಸ್ತಕದ ಹೆಸರಲ್ಲಿರುವುದೂ ಇದೇ ಬೇರು: ಆಡುವ ಮನುಷ್ಯ. ಕಾನೂನು, ಕಾವ್ಯ, ತತ್ತ್ವ ಎಲ್ಲದರೊಳಗೂ ಆಟದ ಗುಣವಿದೆ ಎಂಬುದು ಅವನ ವಾದ. ಅದೇ ಬೇರಿನಿಂದ ಇಂಗ್ಲಿಷಿಗೆ ಬಂದ ‘ಲೂಡಿಕ್ರಸ್’ಗೆ ಮೊದಲು ವಿನೋದದ, ಆಟದ ಎಂಬ ಅರ್ಥವಿತ್ತು, ಬರಬರುತ್ತಾ ಅದು ನಗೆಪಾಟಲು ಎಂದಾಯಿತು. ಆಟವನ್ನು ಹಗುರ ಮಾಡುವ ಅಭ್ಯಾಸ ನಮಗೊಬ್ಬರಿಗೇ ಅಲ್ಲ.

ಮಗಳ ಗಣಿತದ ಪುಸ್ತಕ ತೆಗೆದು ನೋಡಿದೆ. 8 ಬಂದಲ್ಲೆಲ್ಲ ಅದಕ್ಕೆ ಕಿವಿ, ಮೀಸೆ, ಬಾಲ ಮೂಡಿ ಬೆಕ್ಕಾಗಿತ್ತು. ಕೂಡುವ ಲೆಕ್ಕದಲ್ಲಿ ಎರಡು ತಪ್ಪಿದ್ದವು, ಅವನ್ನು ಅವಳೊಂದಿಗೆ ಕೂತು ತಿದ್ದಿದೆ.

“ಅಮ್ಮಾ, ಪ್ಲೇಫುಲ್ ಅಂದ್ರೆ ಬೈದಿದ್ದಾ?”

“ಇಲ್ಲ ಪುಟ್ಟಿ. ನಿಂಗೆ ಆಟ ಅಂದ್ರೆ ಇಷ್ಟ ಅಂತ ಬರ್ದಿದಾರೆ.”

ಸಹಿ ಹಾಕಿದೆ. ಪೋಷಕರ ಅಭಿಪ್ರಾಯಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಕನ್ನಡದಲ್ಲೇ ಬರೆದೆ: ‘ಮನೆಯಲ್ಲೂ ಹೀಗೆಯೇ ಇದ್ದಾಳೆ. ನಮಗೆ ಸಂತೋಷ.’