ಸಂಜೆಯ ಕಿರುಪಾಳಿ

ಮೈಸೂರಿನವರಿಗೂ ಸಮುದ್ರಕ್ಕೂ ಇರುವ ನಂಟು ಬಹಳ ದೂರದ್ದು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ನೀರನ್ನು ನೋಡಿದರೆ ನಮಗೆ ಜಲರಾಶಿಯ ದರ್ಶನವಾದಂತೆಯೇ. ಕನ್ನಂಬಾಡಿಯ ಹಿನ್ನೀರನ್ನು ಕಂಡವರಂತೂ ಸಾಗರವನ್ನೇ ಕಂಡುಬಂದವರ ಗತ್ತಿನಲ್ಲಿ ಮಾತನಾಡುತ್ತಾರೆ. ದೇವರಾಜ ಮೊಹಲ್ಲಾದ ಒಂದು ಓಣಿಯಲ್ಲಿ, ಮಾರುಕಟ್ಟೆಯ ಮಲ್ಲಿಗೆಯ ವಾಸನೆಯೂ ದಿವಾನ್ಸ್ ರಸ್ತೆಯ ವಾಹನಗಳ ಗದ್ದಲವೂ ಒಟ್ಟಿಗೆ ನುಗ್ಗಿಬರುವ ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಹಡಗು ಎಂಬುದು ಬಹುಕಾಲ ಬರಿಯ ಶಬ್ದವಾಗಿತ್ತು. ಕನ್ನಡ ಎಂ.ಎ. ತರಗತಿಯಲ್ಲಿ ನಾವೆ, ಹಡಗು, ಭೈತ್ರ ಎಂಬ ಮಾತುಗಳನ್ನು ಕಲಿತೆ. ಹಾಯಿಯನ್ನು ಹೊರುವ ಕಂಬಕ್ಕೆ ‘ಕೂವೆಮರ’ ಎಂಬ ಚೆಲುವಾದ ಹೆಸರಿದೆಯೆಂದು ತಿಳಿದು ಸಂತೋಷಪಟ್ಟೆ. ಆ ಕೂವೆಮರವನ್ನು ನಿಜವಾಗಿ ಹತ್ತಿ ಇಳಿಯುವವನೊಬ್ಬ ನಮ್ಮ ಮನೆಯಲ್ಲಿಯೇ ಹುಟ್ಟಿದ್ದಾನೆಂಬ ಸಂಗತಿ ಮಾತ್ರ ನನ್ನ ಸಂತೋಷದ ಲೆಕ್ಕಕ್ಕೆ ಬಂದಿರಲಿಲ್ಲ.

ಅವನು ನನ್ನ ತಮ್ಮ. ಪಿ.ಯು.ಸಿ.ಯನ್ನು ಹೇಗೋ ದಾಟಿ, ಬಿ.ಎಸ್‌ಸಿ.ಯ ಮೊದಲ ವರ್ಷವನ್ನು ಅರ್ಧಕ್ಕೆ ಬಿಟ್ಟು, 2009ರಲ್ಲಿ ನೌಕಾಪಡೆಗೆ ನಾವಿಕನಾಗಿ ಸೇರಿದ. ನಮ್ಮ ತಂದೆಯವರು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವರು. “ಹಗ್ಗ ಎಳೆಯುವುದಕ್ಕೆ ಬೀಜಗಣಿತವನ್ನು ಯಾಕಪ್ಪ ಕಲಿಸಬೇಕಾಗಿತ್ತು?” ಎಂದು ಒಮ್ಮೆ ಕೇಳಿ ಸುಮ್ಮನಾದರು. ಆ ಸುಮ್ಮನಿರುವಿಕೆ ಒಂಬತ್ತು ವರ್ಷ ನಡೆಯಿತು. ಅವನು ರಜೆಯಲ್ಲಿ ಬಂದಾಗ “ಊಟ ಆಯಿತೆ?” “ಯಾವಾಗ ಹೊರಡುವುದು?” ಎಂಬ ಎರಡು ಪ್ರಶ್ನೆಗಳ ಆಚೆಗೆ ಅವರ ಮಾತು ಹೋಗುತ್ತಿರಲಿಲ್ಲ. ನಾನೇನೂ ಅವರಿಗಿಂತ ಮೇಲಲ್ಲ. ಅವನು ಹೊರಟ ದಿನ, ಅವನ ಕಿವಿಗೆ ಬೀಳುವಂತೆಯೇ, “ಓದು ಹತ್ತದವನಿಗೆ ಇದೇ ಸರಿ, ಬಿಡಿ” ಎಂದು ಅಪ್ಪನನ್ನು ಸಮಾಧಾನಪಡಿಸಿದ ಮಹಾನುಭಾವ ನಾನು.

2018ರಲ್ಲಿ ಅವನು ‘ತರಂಗಿಣಿ’ಯಲ್ಲಿದ್ದ. ಅದು ಕಾದಾಡುವ ಹಡಗಲ್ಲ, ಎಳೆಯ ಅಧಿಕಾರಿಗಳಿಗೆ ಕಡಲಿನ ಓನಾಮವನ್ನು ತಿದ್ದಿಸುವ ಹಾಯಿಹಡಗು. ಗೋವೆಯ ಹಡಗುಕಟ್ಟೆಯಲ್ಲಿ ಸಿದ್ಧವಾಗಿ 1997ರ ನವೆಂಬರಿನಲ್ಲಿ ಸೇವೆಗೆ ಸೇರಿತು. ಉದ್ದ 54 ಮೀಟರು. ಮೂರು ಕೂವೆಮರಗಳು, 20 ಹಾಯಿಗಳು. 2003ರ ಜನವರಿಯಲ್ಲಿ ಕೊಚ್ಚಿಯಿಂದ ಹೊರಟು, ಭೂಮಂಡಲವನ್ನು ಸುತ್ತಿ, 2004ರ ಏಪ್ರಿಲಿನಲ್ಲಿ ಮರಳಿ ಬಂದ ಕೀರ್ತಿ ಅದರದು. ಯಂತ್ರಗಳ ಕಾಲದಲ್ಲಿ ಹಾಯಿಯೇಕೆ ಎಂದು ನೀವು ಕೇಳಬಹುದು. ಗಾಳಿಯನ್ನೂ ಅಲೆಯನ್ನೂ ಮೈಯಿಂದ ಅರಿಯದವನಿಗೆ ಯಂತ್ರದ ಹಡಗೂ ಅರ್ಥವಾಗದೆಂಬುದು ಅನೇಕ ದೇಶಗಳ ನೌಕಾಪಡೆಗಳ ನಂಬಿಕೆ. ಆ ವರ್ಷದ ಏಪ್ರಿಲಿನಲ್ಲಿ ‘ತರಂಗಿಣಿ’ ‘ಲೋಕಾಯನ’ವೆಂಬ ಯಾತ್ರೆಗೆ ಕೊಚ್ಚಿಯನ್ನು ಬಿಟ್ಟು ಯೂರೋಪಿಗೆ ಹೋಯಿತು. ಅಲ್ಲಿ ಬೇರೆ ಬೇರೆ ದೇಶಗಳ ಹಾಯಿಹಡಗುಗಳ ಮೇಳಗಳಲ್ಲಿ ಕಲೆತು, ಅಕ್ಟೋಬರಿನ ಕೊನೆಗೆ ತಿರುಗಿ ಬಂತು.

ನವೆಂಬರಿನಲ್ಲಿ ತಮ್ಮ ಮನೆಗೆ ಬಂದ. ಒಂದು ಸಂಜೆ ವಿದ್ಯುತ್ತು ಹೋಯಿತು. ಅದೇ ಸಮಯಕ್ಕೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಡಿದು, ಒಗೆದ ಸೀರೆ ಪಂಚೆಗಳೆಲ್ಲ ನೆಲಕ್ಕೆ ಬಿದ್ದುವು. ಅಮ್ಮ ಎರಡು ತುದಿಗಳನ್ನೂ ಹಿಡಿದು ಗಂಟು ಹಾಕಲು ಹೊರಟಳು. “ಗಂಟು ಬೇಡ ಅಮ್ಮ, ಹೆಣೆದುಕೊಡುತ್ತೇನೆ, ಇಲ್ಲಿ ಕೊಡು” ಎಂದು ತಮ್ಮ ಹಗ್ಗವನ್ನು ಇಸಕೊಂಡ. ಮೇಣದಬತ್ತಿಯ ಬೆಳಕಿನಲ್ಲಿ ಪಡಸಾಲೆಯ ನೆಲದ ಮೇಲೆ ಕುಳಿತು, ಎರಡು ತುದಿಗಳ ಮೂರು ಮೂರು ಎಳೆಗಳನ್ನೂ ಬಿಡಿಸಿ, ಬೆರಳುಗಳನ್ನು ಹೆಣೆದಂತೆ ಎದುರುಬದುರಾಗಿ ಕೂಡಿಸಿದ. ಒಂದು ಎಳೆಯನ್ನು ಮತ್ತೊಂದರ ಮೇಲಿನಿಂದ ತಂದು ಇನ್ನೊಂದರ ಕೆಳಗೆ ನುಸುಳಿಸುತ್ತ ಹೋದ. ಮೂರು ಸುತ್ತು ಮುಗಿದಾಗ ಕಡಿದ ಹಗ್ಗ ಒಂದೇ ಹಗ್ಗವಾಗಿತ್ತು. ಆ ಜಾಗ ತುಸು ದಪ್ಪಗಿತ್ತು, ಅಷ್ಟೆ.

ಆರಾಮಕುರ್ಚಿಯಲ್ಲಿದ್ದ ತಂದೆಯವರು ಇದನ್ನೆಲ್ಲ ನೋಡುತ್ತಿದ್ದರು. “ಎಲ್ಲಿ ಕಲಿತೆ ಇದನ್ನು?” ಎಂದರು. ಅದು ಮೂರನೆಯ ಪ್ರಶ್ನೆ!

“ಹಡಗಿನಲ್ಲಿ ಅಪ್ಪ, ಬಿಡುವಿನ ಹೊತ್ತಿನಲ್ಲಿ.”

“ಹಡಗಿನಲ್ಲಿ ಬಿಡುವು ಬೇರೆ ಇರುತ್ತದೆಯೋ?”

ತಮ್ಮ ಆಗ ಬಿಡುವಿನ ಲೆಕ್ಕವನ್ನು ವಿವರಿಸಿದ. ಹಡಗಿನ ಕೆಲಸ ಹಗಲಿರುಳು ನಿಲ್ಲುವಂತಿಲ್ಲ. ಆದ್ದರಿಂದ ದಿನವನ್ನು ನಾಲ್ಕು ನಾಲ್ಕು ಗಂಟೆಗಳ ಪಾಳಿಗಳಾಗಿ ಹಂಚುತ್ತಾರೆ. ಅರ್ಧ ಗಂಟೆಗೆ ಒಂದು, ಒಂದು ಗಂಟೆಗೆ ಎರಡು, ಹೀಗೆ ಗಂಟೆಯ ಪೆಟ್ಟು ಏರುತ್ತ ಎಂಟಾದರೆ ಪಾಳಿ ಮುಗಿಯಿತು. ಜನರನ್ನು ಮೂರು ತಂಡ ಮಾಡಿದರೆನ್ನಿ. ದಿನಕ್ಕೆ ಆರು ಪಾಳಿಗಳಾದರೆ ಒಂದು ತಂಡಕ್ಕೆ ಯಾವಾಗಲೂ ನಡುರಾತ್ರಿಯ ಪಾಳಿಯೇ ಗತಿ. ಅದನ್ನು ತಪ್ಪಿಸಲು, ಸಂಜೆ ನಾಲ್ಕರಿಂದ ಎಂಟರವರೆಗಿನ ಪಾಳಿಯನ್ನು ಮಾತ್ರ ಎರಡೆರಡು ಗಂಟೆಯ ಎರಡು ಕಿರುಪಾಳಿಗಳಾಗಿ ಸೀಳುತ್ತಾರೆ.

“ಒಟ್ಟು ಏಳು,” ಎಂದರು ತಂದೆಯವರು ತಟ್ಟನೆ. “ಏಳನ್ನು ಮೂರರಿಂದ ಭಾಗಿಸಿದರೆ ಶೇಷ ಒಂದು. ದಿನದಿನವೂ ಪಾಳಿ ಒಂದೊಂದು ಹೆಜ್ಜೆ ಸರಿಯುತ್ತದೆ. ನಡುರಾತ್ರಿ ಎಲ್ಲರ ಪಾಲಿಗೂ ಬರುತ್ತದೆ.” ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತರು. “ಆ ಶೇಷದಲ್ಲಿಯೇ ನ್ಯಾಯವಿದೆ ನೋಡು. ಯಾರಪ್ಪ ಕಂಡುಹಿಡಿದದ್ದು ಇದನ್ನು?”

ಇಂಗ್ಲಿಷ್ ನಾವಿಕರು ಅದನ್ನು ‘ನಾಯಿಪಾಳಿ’ ಎನ್ನುತ್ತಾರೆಂದು ತಮ್ಮ ಹೇಳಿದಾಗ ಅಮ್ಮನಿಗೆ ಆ ಹೆಸರು ಸ್ವಲ್ಪವೂ ಹಿಡಿಸಲಿಲ್ಲ. ‘ಕಿರುಪಾಳಿ’ ಎಂಬುದು ನಾನಿಟ್ಟ ಹೆಸರು, ಮೇಷ್ಟ್ರ ಚಾಳಿ.

ಆಮೇಲೆ ಮಾತು ತಾನಾಗಿ ಹರಿಯಿತು. ಮಲಗುವ ಜಾಗ ಮಗ್ಗುಲು ಬದಲಾಯಿಸುವಷ್ಟು ಮಾತ್ರ. ಒಬ್ಬನ ತಲೆಯ ಮೇಲೆ ಇನ್ನೊಬ್ಬನ ಹಾಸಿಗೆ. ಹಡಗು ಗಾಳಿಗೆ ಒಂದು ಮಗ್ಗುಲಿಗೆ ವಾಲಿಕೊಂಡೇ ದಿನಗಟ್ಟಲೆ ನಡೆಯುವುದರಿಂದ ತಟ್ಟೆ ಜಾರದಂತೆ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಬೇಕು. ದೋಸೆ ಹುಯ್ದರೆ ಹಿಟ್ಟು ಗಾಳಿಗೆ ಬೆನ್ನು ಹಾಕಿ ಓಡುತ್ತದೆ. ಸಿಹಿನೀರಿಗೆ ಅಳತೆಯುಂಟು. ನಡುಗಡಲಿನಲ್ಲಿ ಮಳೆ ಬಂದರೆ ಸಾಬೂನು ಹಿಡಿದು ಎಲ್ಲರೂ ಡೆಕ್ಕಿಗೆ ಓಡುವುದೇ ಹಬ್ಬ. ಹಾಯಿ ಬಿಚ್ಚಲು, ಮಡಿಚಲು ಕೂವೆಮರದ ಮೇಲಕ್ಕೆ ಹೋಗಬೇಕು. ಅಡ್ಡಮರದ ಕೆಳಗೆ ಕಟ್ಟಿದ ಒಂದು ಹಗ್ಗವೇ ಕಾಲಿಗೆ ನೆಲ.

“ನಮ್ಮ ಚಿಕ್ಕ ಗಡಿಯಾರದಷ್ಟು ಎತ್ತರವೇನೋ?” ಎಂದಳು ಅಮ್ಮ.

“ಅದಕ್ಕಿಂತ ಎತ್ತರ ಅಮ್ಮ. ಸಾಲದೆಂದು ಓಲಾಡುತ್ತಲೂ ಇರುತ್ತದೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡಿರುತ್ತೇವೆ, ಹೆದರಬೇಡ. ‘ಒಂದು ಕೈ ನಿನಗೆ, ಒಂದು ಕೈ ಹಡಗಿಗೆ’ ಎಂದು ನಾವಿಕರಲ್ಲಿ ಹಳೆಯ ಮಾತೇ ಉಂಟು.”

ಹಗ್ಗ ಸುತ್ತಿಡುವುದಕ್ಕೂ ಒಂದು ಕ್ರಮ. ಬಲಕ್ಕೆ ಹುರಿಗೊಳಿಸಿದ ಹಗ್ಗವನ್ನು ಪ್ರದಕ್ಷಿಣವಾಗಿಯೇ ಸುತ್ತಬೇಕು. ಅಪ್ರದಕ್ಷಿಣವಾಗಿ ಸುತ್ತಿದರೆ ಬೇಕಾದ ಗಳಿಗೆಯಲ್ಲಿ ಸಿಕ್ಕುಬೀಳುತ್ತದೆ. ಗಂಟುಗಳಲ್ಲಿ ಕೆಲವನ್ನು ಅವನು ಹಾಕಿ ತೋರಿಸಿದಾಗ, ನಿತ್ಯವೂ ಬಾಳೆಯ ನಾರಿನಲ್ಲಿ ಮಲ್ಲಿಗೆ ಕಟ್ಟುವ ಅಮ್ಮ, “ಇದು ನಾನು ಹೂ ಕಟ್ಟುವ ಗಂಟಿನ ದಾಯಾದಿ ಕಣೋ” ಎಂದು ನಕ್ಕಳು.

ನಮ್ಮ ಕರಾವಳಿಯ ಓದುಗರು ಇದನ್ನೆಲ್ಲ ಓದಿ ನಸುನಗಬಹುದು. ಯಂತ್ರ ಬರುವ ಮುಂಚೆ ಮಂಗಳೂರಿನ ಹೆಂಚನ್ನು ಹೊತ್ತು ಹಾಯಿಯ ಬಲದಿಂದಲೇ ಅರಬ್ಬೀ ಸಮುದ್ರದಲ್ಲಿ ಓಡಾಡಿದ ಪತ್ತೆಮಾರಿಗಳನ್ನೂ ಮಂಜಿಗಳನ್ನೂ ಅವುಗಳ ತಂಡೇಲರನ್ನೂ ಖಲಾಸಿಗಳನ್ನೂ ಅವರ ಅಜ್ಜಂದಿರು ಬಲ್ಲರು. ಘಟ್ಟದ ಮೇಲಿನ ನಮಗೆ ಮಾತ್ರ ಎಲ್ಲವೂ ಹೊಸತು.

“ಕಿರುಪಾಳಿಯ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ?” ಎಂದು ನಾನು ಕೇಳಿದೆ.

ದಿನದ ಕೆಲಸ ಮುಗಿದು, ರಾತ್ರಿಯ ಪಾಳಿ ಇನ್ನೂ ಶುರುವಾಗದ ಆ ಸಂಜೆ ಹೊತ್ತಿನಲ್ಲಿಯೇ ಎಲ್ಲರೂ ಎಚ್ಚರವಾಗಿ ಒಂದೆಡೆ ಸಿಕ್ಕುವುದು. ಇಸ್ಪೀಟು, ಅಂತ್ಯಾಕ್ಷರಿ, ಹಗ್ಗದ ಹೆಣಿಗೆ. ಕೇರಂ ಹಲಗೆಯೂ ಇತ್ತು, ಆದರೆ ಹಡಗು ವಾಲಿದರೆ ಕಾಯಿಗಳೆಲ್ಲ ತಾವಾಗಿಯೇ ಗುಳಿ ಸೇರುತ್ತಿದ್ದುವಂತೆ. ದಡ ಕಣ್ಮರೆಯಾದ ಮೇಲೆ ಕಿಸೆಯ ಫೋನು ಬರಿಯ ಗಡಿಯಾರ. ಮಲೆಯಾಳಿ, ಒಡಿಯಾ, ಪಂಜಾಬಿ, ಮರಾಠಿ ಎಂದು ನಾನಾ ಭಾಷೆಯ ಜನ, ಯಾರೂ ಯಾರನ್ನೂ ಆರಿಸಿಕೊಂಡು ಬಂದವರಲ್ಲ. ನಡುಗಡಲಿನಲ್ಲಿ ಮುನಿಸಿಕೊಂಡರೆ ಎದ್ದುಹೋಗಲು ಬೀದಿಯೂ ಇಲ್ಲ.

“ಒಂದು ಪುಸ್ತಕವನ್ನೂ ಓದಿದೆ,” ಎಂದ ತಮ್ಮ ಸ್ವಲ್ಪ ಸಂಕೋಚದಿಂದ.

ಅವನು ಹೊರಡುವಾಗ ಅಮ್ಮ ಚಟ್ನಿಪುಡಿಯ ಡಬ್ಬಿ ಅಲುಗದಿರಲೆಂದು ಅಟ್ಟದ ಮೇಲಿದ್ದ ಹಳೆಯ ಪುಸ್ತಕವೊಂದನ್ನು ಪೆಟ್ಟಿಗೆಯಲ್ಲಿ ಒತ್ತಿಟ್ಟಿದ್ದಳು. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಪುಟಗಳನ್ನು ತಂದೆಯವರು ತಮ್ಮ ಹುಡುಗತನದಲ್ಲಿ ಕತ್ತರಿಸಿ ಹೊಲಿದಿಟ್ಟ ಕಟ್ಟು ಅದು. ಮೊದಲ ಪುಟ ಹರಿದು ಹೋಗಿ ಹೆಸರಿಲ್ಲ, ಕೊನೆಯ ಕಂತೂ ಇಲ್ಲ. ಕೆಂಪು ಸಮುದ್ರವನ್ನು ದಾಟುವಾಗ ತಮ್ಮ ಅದನ್ನು ಓದುತ್ತಿದ್ದುದನ್ನು ಕಂಡು, ಅಡಿಗೆಯವನು ಏನು ಕಥೆ ಎಂದು ಕೇಳಿದ. ತಮ್ಮ ಹಿಂದಿಯಲ್ಲಿ ಹೇಳಿದ. ಮಾರನೆಯ ದಿನ ಕೇಳಲು ನಾಲ್ವರು ಬಂದರು. ವಾರ ಕಳೆಯುವಷ್ಟರಲ್ಲಿ ಹದಿನೈದು ಮಂದಿ. ದಿನಕ್ಕೊಂದು ಕಂತು, ಕಿರುಪಾಳಿಯಲ್ಲಿ ಮಾತ್ರ. ಮುಂದಿನ ಕಂತನ್ನು ಮೊದಲೇ ಹೇಳೆಂದು ಬೇಡಿದವರಿಗೆ, ಕದ್ದು ಕೊಡುವುದಿಲ್ಲವೆಂದು ಇವನು ಖಂಡಿತ ಹೇಳಿದನಂತೆ!

ನನಗೆ ಮುಖ ತಗ್ಗಿತು. ಕಾರಣ ಹೇಳುತ್ತೇನೆ. 1834ರಲ್ಲಿ ಡೇನಾ ಎಂಬ ಅಮೆರಿಕದ ತರುಣ, ದಡಾರದಿಂದ ಕಣ್ಣಿನ ಶಕ್ತಿ ಕುಂದಿ ಹಾರ್ವರ್ಡಿನ ಓದನ್ನು ನಿಲ್ಲಿಸಿ, ಬಾಸ್ಟನ್ನಿನಿಂದ ಸಾಧಾರಣ ನಾವಿಕನಾಗಿ ಹಾಯಿಹಡಗು ಹತ್ತಿದ. ಅವನು 1840ರಲ್ಲಿ ಪ್ರಕಟಿಸಿದ ಅನುಭವಕಥನ ಪ್ರಸಿದ್ಧವಾದುದು. ಸಂಗಡಿಗರಿಗೆ ಸ್ಕಾಟನ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದಿ ಹೇಳಿದ ಪ್ರಸಂಗವೂ ಅದರಲ್ಲಿದೆ. ಅದನ್ನು ನಾನು ತರಗತಿಯಲ್ಲಿ ಎಷ್ಟು ಸಲ ವರ್ಣಿಸಿದ್ದೇನೋ! ಡೇನಾ ಓದಿದರೆ ಅದು ಸಾಹಿತ್ಯಪ್ರೇಮ, ನನ್ನ ತಮ್ಮನಿಗೆ ಮಾತ್ರ ಓದು ಹತ್ತದು! ಸಂಬಳ ಪಡೆದು ಕಾದಂಬರಿ ಪಾಠ ಹೇಳುವ ನನ್ನ ಮುಂದೆ, ಮುಂದಿನ ಕಂತಿಗಾಗಿ ಕಾದು ಕುಳಿತ ಹದಿನೈದು ಮಂದಿಯನ್ನು ನಾನು ಒಮ್ಮೆಯೂ ಕಂಡಿಲ್ಲ.

“ಕೊನೆಯ ಕಂತು ಇರಲಿಲ್ಲವಲ್ಲ, ಏನು ಮಾಡಿದೆ?” ತಂದೆಯವರೇ ಕೇಳಿದರು.

“ಒಬ್ಬೊಬ್ಬರೂ ಒಂದೊಂದು ಕೊನೆ ಕಟ್ಟಿದರು ಅಪ್ಪ. ಒಬ್ಬ, ಮನೆ ಬಿಟ್ಟು ಹೋದ ಮಗ ಸೇನೆ ಸೇರಿ ಸತ್ತ ಎಂದ. ಇನ್ನೊಬ್ಬ, ಶ್ರೀಮಂತನಾಗಿ ಬಂದು ಮನೆಯನ್ನು ಬಿಡಿಸಿಕೊಂಡ ಎಂದ. ಅಡಿಗೆಯವನು ಮಾತ್ರ, ಮಗ ಬರಿಗೈಯಲ್ಲಿ ಬಂದ, ತಂದೆ ತಟ್ಟೆ ಹಾಕಿಸಿದ, ಅಷ್ಟೇ ಸಾಕು ಎಂದ. ನಿಜವಾದ ಕೊನೆ ಏನು ಅಪ್ಪ? ನೀವು ಓದಿದ್ದಿರಲ್ಲ.”

ಐವತ್ತು ವರ್ಷದ ಹಿಂದಿನ ಪರೀಕ್ಷೆಯ ಪ್ರಶ್ನೆಗಳನ್ನು ಅಂಕಿಸಹಿತ ಹೇಳಬಲ್ಲವರು ನಮ್ಮ ತಂದೆಯವರು. ತುಸು ಹೊತ್ತು ಮೇಣದಬತ್ತಿಯನ್ನು ನೋಡಿ, “ಮರೆತುಹೋಗಿದೆ” ಎಂದರು. ಆಮೇಲೆ, “ಅಡಿಗೆಯವನು ಹೇಳಿದ್ದೇ ಸರಿಯಿರಬೇಕು” ಎಂದು ಎದ್ದು, “ಬಾರೋ, ಊಟ ಮಾಡೋಣ” ಎಂದು ಅವನನ್ನು ಕರೆದರು.

ಉಳಿದ ಹನ್ನೆರಡು ದಿನ ಸಂಜೆಯಾದೊಡನೆ ಅವರಿಬ್ಬರೂ ಪಡಸಾಲೆಯಲ್ಲಿ ಕೂರುತ್ತಿದ್ದರು. ನಕ್ಷತ್ರ ನೋಡಿ ಹಡಗಿನ ನೆಲೆ ಗುರುತಿಸುವ ಲೆಕ್ಕವನ್ನು ತಂದೆಯವರು ಕಾಗದದ ಮೇಲೆ ಮಾಡಿಸಿ ನೋಡಿದರು. ತ್ರಿಕೋಣಮಿತಿ ವ್ಯರ್ಥವಾಗಲಿಲ್ಲವೆಂದು ಅವರಿಗೆ ಖಾತರಿಯಾಯಿತು. ಮರುವರ್ಷದ ಶ್ರಾವಣದಲ್ಲಿ ಅವರು ತೀರಿಕೊಂಡರು. ಒಂಬತ್ತು ವರ್ಷದ ಮೌನದ ಎದುರಿಗೆ ಹನ್ನೆರಡು ಸಂಜೆ. ಲೆಕ್ಕದಲ್ಲಿ ಅದು ಅಲ್ಪವೇ. ಆದರೆ ಶೇಷದಲ್ಲಿ ನ್ಯಾಯವಿದೆಯೆಂದು ಅವರೇ ಹೇಳಿದ್ದರಲ್ಲ.

ಅಷ್ಟು ಇಕ್ಕಟ್ಟಿನಲ್ಲಿ, ಅಷ್ಟು ದುಡಿಮೆಯ ನಡುವೆ ಆ ಜನ ದಿನವೂ ಕೂಡಿ ಕೂರುವುದಕ್ಕೆ ಹೊತ್ತು ಮಾಡಿಕೊಂಡಿದ್ದರು. ಐದು ಕೋಣೆಗಳ ಮನೆಯಲ್ಲಿ ನಾವು ಒಬ್ಬೊಬ್ಬರೂ ಒಂದೊಂದು ಕೋಣೆ ಸೇರಿ ಬಾಗಿಲು ಮುಂದಕ್ಕೆ ಮಾಡಿಕೊಂಡಿದ್ದೆವು. ಹಿತ್ತಲಿನ ಹಗ್ಗ ಇಂದಿಗೂ ಗಟ್ಟಿಯಾಗಿದೆ. ಅಮ್ಮ ಬಟ್ಟೆ ಹರವುವಾಗ ಆ ದಪ್ಪನೆಯ ಜಾಗವನ್ನು ಒಮ್ಮೆ ಕೈಯಿಂದ ಸವರುತ್ತಾಳೆ.

ತಂದೆಯವರು ಒಂದು ಪ್ರಶ್ನೆ ಕೇಳಿ ತಮ್ಮ ತಪ್ಪನ್ನು ತಿದ್ದಿಕೊಂಡರು. ನಾನು ಅಂದ ಮಾತನ್ನು ಹಿಂದಕ್ಕೆ ಪಡೆಯದೆ ಹಾಗೆಯೇ ಉಳಿದುಬಿಟ್ಟೆ. ತಮ್ಮ ಈಗಲೂ ಸೇವೆಯಲ್ಲಿದ್ದಾನೆ. ಇದು ಅಚ್ಚಾದ ಸಂಚಿಕೆಯನ್ನು ಅವನಿಗೆ ಅಂಚೆಯಲ್ಲಿ ಕಳುಹಿಸಬೇಕೆಂದಿದ್ದೇನೆ. ಓದು ಹತ್ತದವನೆಂದು ಅವನನ್ನು ಕರೆದವನಿಗೆ ತಮ್ಮನನ್ನು ಓದಲು ಬಂದಿರಲಿಲ್ಲವೆಂದು ಅವನು ತಿಳಿಯಲಿ.