ಕೂಡಲಿಯ ದಾರಿ, ಜೋಗದ ಮಳೆ

ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿ.ಮೀ. ಅಲ್ಲಿ ಭದ್ರೆ, ಇಲ್ಲಿ ತುಂಗೆ. ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಬೇರೆ ಬೇರೆ ದಾರಿ ಹಿಡಿದು ಹರಿದರೂ ಶಿವಮೊಗ್ಗಕ್ಕೆ ಹತ್ತಿರದ ಕೂಡಲಿಯಲ್ಲಿ ಒಂದಾಗುತ್ತವೆ.

ಕೂಡದೇ ಹೋದ ಪ್ರೀತಿಯ ಕಥೆಯೊಂದಕ್ಕೂ ಇದೇ ಜಿಲ್ಲೆಯ ನೀರು ಸಾಕ್ಷಿ. 2006ರ ಡಿಸೆಂಬರ್‌ನಲ್ಲಿ ತೆರೆಕಂಡ, ಯೋಗರಾಜ ಭಟ್ಟರ ‘ಮುಂಗಾರು ಮಳೆ’ಯಲ್ಲಿ ಜೋಗದ ದೃಶ್ಯಗಳಿವೆ. ಪ್ರೀತಮ್ ಮೆಚ್ಚಿದ ನಂದಿನಿಗೆ ಮದುವೆ ಆಗಲೇ ಗೊತ್ತಾಗಿರುತ್ತದೆ. ಬೆನ್ನು ಬಿಡದ ಹುಡುಗ, ಕೊನೆಗೆ ಅವಳ ಮನಸ್ಸು ಒಲಿದಾಗ ಮನೆಯವರ ನಂಬಿಕೆ ಮುರಿಯಲಾರದೆ ತಾನೇ ಹಿಂದೆ ಸರಿಯುತ್ತಾನೆ. ಸಿಗದಿದ್ದರೆ ಕಾಡಬೇಕು ಎನ್ನುವವರಿಗೆ ಇದೊಂದು ಪಾಠ. ಆದರೆ ಆ ತೀರ್ಮಾನದಲ್ಲಿ ನಂದಿನಿಯ ಇಷ್ಟವನ್ನು ಕೇಳಿದವರು ಯಾರು? ತ್ಯಾಗಕ್ಕೆ ಕಣ್ಣೀರಿಟ್ಟ ನಾವು ಈ ಪ್ರಶ್ನೆಯನ್ನು ಮರೆತೆವು.

ಶಿವಮೊಗ್ಗದಿಂದ ಸಾಗರದ ಮೇಲೆ ಜೋಗ ಸುಮಾರು 100 ಕಿ.ಮೀ. ರೈಲಿನಲ್ಲಾದರೆ ತಾಳಗುಪ್ಪದಲ್ಲಿ ಇಳಿಯಬೇಕು. ರಾಜಾ, ರಾಣಿ, ರೋರರ್, ರಾಕೆಟ್ ಎಂದು ಕವಲೊಡೆದು ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ನೀರನ್ನು ಹಿಡಿದಿಡುವುದರಿಂದ, ಸಿನಿಮಾ ನೆನೆದು ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಹೆಚ್ಚಾಗಿ ಬರಿಯ ಬಂಡೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೋಗುವುದೇ ಸರಿ; ಕೊಡೆ ಮರೆಯಬೇಡಿ.

ಹಿಂತಿರುಗುವಾಗ ಕೂಡಲಿಯನ್ನೂ ನೋಡಿ ಬನ್ನಿ. ಎಲ್ಲ ಹೊಳೆಗೂ ಕೂಡಲಿಯ ಭಾಗ್ಯವಿಲ್ಲ. ಶರಾವತಿ ತುಂಗಭದ್ರೆಯ ಕಡೆ ಬಾರದೆ ಪಶ್ಚಿಮಕ್ಕೆ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಹೋಗುವ ದಾರಿಯಲ್ಲಿ ನಾಡಿನ ಮನೆಗಳಿಗೆ ದೀಪ ಹಚ್ಚಿಯೇ ಹೋಗುತ್ತದೆ.