ಬಲಗಿವಿಯಲ್ಲಿ ಗೆರೆಯಿದ್ದ ಆನೆ

ಈ ಅಚ್ಚಿನ ಒಳಗೆ ಬೆರಳಿಟ್ಟು ನೋಡಿ. ಇಲ್ಲಿ, ಆನೆಯ ಬಲಗಿವಿಯ ಹತ್ತಿರ. ಉಗುರಿಗೆ ತಗಲುವ ಹಾಗೆ ಒಂದು ಸೀಳು ಇದೆಯಲ್ಲ? ಮರ ಒಣಗಿ ಬಿಟ್ಟದ್ದು ಅದು. ಈ ಅಚ್ಚಿನಲ್ಲಿ ಎಷ್ಟು ಸಕ್ಕರೆ ಆನೆ ಎರೆದರೂ ಅಷ್ಟಕ್ಕೂ ಬಲಗಿವಿಯ ಮೇಲೆ ಕೂದಲೆಳೆಯಷ್ಟು ಉಬ್ಬಿದ ಒಂದು ಗೆರೆ ಬಂದೇ ಬರುತ್ತದೆ. ಆ ಸೀಳಿಗೆ ಮೇಣ ತುಂಬಲು ನಮ್ಮಜ್ಜಿ ಯಾರಿಗೂ ಬಿಡಲಿಲ್ಲ. ಯಾಕೆಂದು ಹೇಳುತ್ತೇನೆ, ಆ ಸೌದೆಯನ್ನು ಸ್ವಲ್ಪ ಒಳಕ್ಕೆ ತಳ್ಳಿ, ಚಳಿ ಜೋರಾಗಿದೆ. ಅಚ್ಚುಗಳು ಹೇಗೂ ಬೆಳಗಿನ ತನಕ ನೀರಲ್ಲಿ ನೆನೆಯಬೇಕು.

ಅದು 1980ರ ಸಂಕ್ರಾಂತಿ. ನನಗಾಗ 9 ವರ್ಷ, ತಮ್ಮನಿಗೆ 6. ನಾವಿದ್ದದ್ದು ಮಂಡ್ಯದಲ್ಲಿ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು. ಕಬ್ಬು ಅರೆಯುವ ಕಾಲದಲ್ಲಿ ಗಾಳಿ ನಮ್ಮ ಬೀದಿಯ ಕಡೆ ತಿರುಗಿದರೆ ಒಣಹಾಕಿದ ಬಟ್ಟೆಗೂ ಕಾಕಂಬಿಯ ವಾಸನೆ ಅಂಟಿಕೊಳ್ಳುತ್ತಿತ್ತು. ರಸ್ತೆಯಲ್ಲಿ ಸಾಲಾಗಿ ಎತ್ತಿನ ಗಾಡಿಗಳು. ಹುಡುಗರು ಹಿಂದಿನಿಂದ ಒಂದು ಜಲ್ಲೆ ಎಳೆದುಕೊಂಡು ಓಡಿದರೆ ಗಾಡಿಯವರು ಸುಮ್ಮನೆ ಚಾವಟಿ ಆಡಿಸುತ್ತಿದ್ದರೇ ಹೊರತು ಇಳಿದು ಬರುತ್ತಿರಲಿಲ್ಲ.

ಅಂಥ ಊರಿನಲ್ಲೂ ಆ ವರ್ಷ ಸಕ್ಕರೆಗೆ ಬರ. 1979ರಲ್ಲಿ ದೇಶದ ಬಹುಭಾಗದಲ್ಲಿ ಮಳೆ ಕೈಕೊಟ್ಟಿತ್ತು, ಕಬ್ಬು ಇಳಿದಿತ್ತು, ಇದ್ದ ಕಬ್ಬಿನಲ್ಲೂ ಒಂದಷ್ಟು ಆಲೆಮನೆಗಳಿಗೆ ಹೋಗುತ್ತಿತ್ತು. 1978ರ ಆಗಸ್ಟಿನಲ್ಲಿ ಸಕ್ಕರೆಯ ಮೇಲಿನ ನಿಯಂತ್ರಣ ತೆಗೆದಿದ್ದ ಸರ್ಕಾರ, 1979ರ ಡಿಸೆಂಬರಿನಲ್ಲಿ ಅದನ್ನು ಮತ್ತೆ ತಂದಿತು. ಇವೆಲ್ಲ ತಾತ ಪೇಪರು ಓದಿ ಹೇಳುತ್ತಿದ್ದ ಮಾತು. ನಮಗೆ ಗೊತ್ತಿದ್ದದ್ದು ಇಷ್ಟೇ: ಕಾರ್ಡು ತೋರಿಸಿದರೆ ಸೊಸೈಟಿಯಲ್ಲಿ ಕೊಟ್ಟಷ್ಟು ಸಕ್ಕರೆ, ಅದರ ಮೇಲೆ ಬೇಕೆಂದರೆ ಅಂಗಡಿಯಲ್ಲಿ ಕೈ ಸುಡುವ ಬೆಲೆ.

ದೀಪಾವಳಿ ಮುಗಿದ ವಾರವೇ ಅಜ್ಜಿ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿಬಿಟ್ಟಳು. "ಇನ್ನು ಸಂಕ್ರಾಂತಿ ತನಕ ಎಲ್ಲರಿಗೂ ಬೆಲ್ಲದ ಕಾಫಿ" ಅಂದಳು. ಸೋದರಮಾವನ ಆಲೆಮನೆಯಿಂದ ಬೆಲ್ಲ ಬರುತ್ತಿತ್ತು, ಅದಕ್ಕೆ ತೊಂದರೆ ಇರಲಿಲ್ಲ. ಆದರೆ ಬೆಲ್ಲದ ಕಾಫಿ ಮಾಡುವುದಕ್ಕೂ ಕ್ರಮ ಬೇಕು. ಹಾಲಿಗೆ ಬೆಲ್ಲ ಹಾಕಿ ಕುದಿಸಿದರೆ ಹಾಲು ಒಡೆಯುತ್ತದೆ, ಡಿಕಾಕ್ಷನ್ನಿಗೆ ಮೊದಲು ಬೆಲ್ಲ ಕರಗಿಸಿ ಆಮೇಲೆ ಹಾಲು ಬೆರೆಸಬೇಕು. ತಾತನಿಗೆ ಬೆಳಗಿನ ಕಾಫಿ ಅಂದರೆ ಪೂಜೆಯಷ್ಟೇ ಮುಖ್ಯ. ಆ ಎರಡೂವರೆ ತಿಂಗಳು ಅವರು ಒಂದು ದಿನವೂ ಲೋಟ ದೂರ ತಳ್ಳಲಿಲ್ಲ, ಚೆನ್ನಾಗಿದೆ ಅಂತಲೂ ಹೇಳಲಿಲ್ಲ. ಹಾಗೆ ಉಳಿಸಿದ ಸಕ್ಕರೆ ಹೊಸ ವರ್ಷದ ಹೊತ್ತಿಗೆ 3 ಕೆ.ಜಿ. ಆಗಿತ್ತು.

ಅಷ್ಟೊಂದು ಯಾಕೆ ಅಂತ ಕೇಳಬೇಡಿ. ನಮ್ಮ ಕಡೆ ಎಳ್ಳು ಬೀರುವ ತಟ್ಟೆಯಲ್ಲಿ ಎಳ್ಳುಬೆಲ್ಲದ ಪೊಟ್ಟಣ, ಬಾಳೆಹಣ್ಣು, ಕಬ್ಬಿನ ತುಂಡು ಇದ್ದು ಸಕ್ಕರೆ ಅಚ್ಚು ಇಲ್ಲದಿದ್ದರೆ ಅದು ಅರ್ಧ ತಟ್ಟೆ. ನಾವು ಬೀರಬೇಕಾಗಿದ್ದದ್ದು 22 ಮನೆಗೆ.

ಎಳ್ಳಿನ ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ತಿಪಟೂರು ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದು ಬಿಳಿ ಬಟ್ಟಲು ಮಾಡಿಕೊಡುವುದು ತಾತನ ಪಾಲು, ಸಣ್ಣಗೆ ಹೆಚ್ಚುವುದು ಅಮ್ಮನದು. ಬೆಲ್ಲದ ಅಚ್ಚನ್ನು ಅಜ್ಜಿ ಅಡಕತ್ತರಿಯಲ್ಲಿ ಕತ್ತರಿಸುತ್ತಿದ್ದಳು, ಒಂದೊಂದು ಚೂರೂ ಕಡಲೆಬೀಜದ ಹೋಳಿನ ಅಳತೆಗೆ. ಹುರಿದ ಕಡಲೆಬೀಜವನ್ನು ಗೋಣಿತಾಟಿನ ಮೇಲೆ ಉಜ್ಜಿ, ಸಿಪ್ಪೆ ಊದಿ, ಎರಡು ಹೋಳು ಮಾಡುವುದು ನನ್ನ ಪಾಲು. ಕೊಬ್ಬರಿಯೂ ಬೆಲ್ಲವೂ ಬಿಸಿಲಲ್ಲಿ ಗಲಗಲ ಅನ್ನುವಷ್ಟು ಒಣಗಬೇಕು. ತಮ್ಮ ಕೋಲು ಹಿಡಿದು ತಾರಸಿಯ ಮೇಲೆ ಕಾಗೆ ಕಾಯುತ್ತಿದ್ದ. ಆಮೇಲೆ ಹುರಿಗಡಲೆ, ಬಿಳಿ ಎಳ್ಳು, ಬಣ್ಣಬಣ್ಣದ ಜೀರಿಗೆ ಮಿಠಾಯಿ. ಎಲ್ಲವನ್ನೂ ದೊಡ್ಡ ಮೊರದಲ್ಲಿ ಸುರಿದು ಅಜ್ಜಿ ಎರಡೂ ಕೈಯಲ್ಲಿ ಬೆರೆಸುವಾಗ ಬರುವ ಸದ್ದು ನನಗೆ ಇವತ್ತಿಗೂ ಸಂಕ್ರಾಂತಿಯ ಸದ್ದು.

ಧಾರವಾಡಕ್ಕೆ ಕೊಟ್ಟಿದ್ದ ದೊಡ್ಡತ್ತೆ ಅಲ್ಲಿಯ ಕುಸುರೆಳ್ಳಿನ ಡಬ್ಬಿ ಕಳಿಸುತ್ತಿದ್ದರು. ಅದು ಇನ್ನೂ ತಾಳ್ಮೆಯ ಕೆಲಸ. ಸಣ್ಣ ಕೆಂಡದ ಮೇಲೆ ತಟ್ಟೆಯಲ್ಲಿ ಎಳ್ಳು ಹಾಕಿ, ಚಮಚ ಚಮಚವಾಗಿ ಪಾಕ ಬಿಟ್ಟು, ಬೆರಳಲ್ಲಿ ಆಡಿಸುತ್ತಾ ಕೂರಬೇಕು. ದಿನಗಟ್ಟಲೆ ಹಾಗೆ ಮಾಡಿದರೆ ಕಾಳಿನ ಸುತ್ತ ಮುಳ್ಳು ಏಳುತ್ತದೆ. ಆ ಕಡೆ ಹೊಸ ಸೊಸೆಗೂ ಎಳೆಮಕ್ಕಳಿಗೂ ಕುಸುರೆಳ್ಳು ಪೋಣಿಸಿದ ಒಡವೆ ತೊಡಿಸುತ್ತಾರೆ.

ನಮ್ಮನೆಯಲ್ಲಿ ಅಚ್ಚು ಎರೆಯಲು ಗೊತ್ತು ಮಾಡಿದ್ದು ಜನವರಿ 6ರ ಭಾನುವಾರ. ಲೋಕಸಭಾ ಚುನಾವಣೆಯ ಎರಡನೇ ಸುತ್ತಿನ ಮತದಾನ ಅವತ್ತು. ತಾತ ಹಜಾರದಲ್ಲಿ ರೇಡಿಯೋ ಪಕ್ಕ, ನಾವೆಲ್ಲ ಒಲೆ ಪಕ್ಕ. ಹಿಂದಿನ ರಾತ್ರಿಯಿಂದ ನೆನೆದ ತೇಗದ ಅಚ್ಚುಗಳು: ಆನೆ, ಮಂಟಪ, ತುಳಸಿಕಟ್ಟೆ, ಗಿಳಿ, ಮೀನು, ಎಲೆ. ಮರ ನೀರು ಕುಡಿದಿದ್ದರೆ ಪಾಕದ ತೇವ ಎಳೆದುಕೊಳ್ಳುವುದಿಲ್ಲ, ಸಕ್ಕರೆಯೂ ಅಂಟುವುದಿಲ್ಲ. ಎರಡು ಹೋಳು ಕೂಡಿಸಿ, ಹಳೇ ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ಉಂಗುರ ಹಾಕಿ ಬಿಗಿಯುವುದು ನನ್ನ ಕೆಲಸ.

ಅಜ್ಜಿ ಮೊದಲು ಅರ್ಧ ಸಕ್ಕರೆಯನ್ನೇ ಪಾಕಕ್ಕೆ ಇಟ್ಟಳು. ಕುದಿ ಬಂದಾಗ ಒಂದು ಸೌಟು ಹಾಲು. ಹಾಲು ಒಡೆದು, ಸಕ್ಕರೆಯ ಕೊಳೆಯನ್ನೆಲ್ಲ ಅಪ್ಪಿಕೊಂಡು ಬೂದುಬಣ್ಣದ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ನಾಲ್ಕು ಹನಿ ನಿಂಬೆರಸ ಬಿಟ್ಟು, ಬಿಳಿ ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಸಣ್ಣ ಬಾಣಲೆಗೆ ಸ್ವಲ್ಪ ಸ್ವಲ್ಪವೇ ಹಾಕಿ ಕಾಯಿಸಿ, ಎಳೆ ಬಂದ ಕೂಡಲೇ ಸೌಟಿನ ಬೆನ್ನಿಂದ ಬಾಣಲೆಯ ಪಕ್ಕಕ್ಕೆ ಉಜ್ಜಬೇಕು. ನೋಡನೋಡುತ್ತಾ ತಿಳಿಪಾಕ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಕ್ಷಣಕ್ಕೇ ಅಚ್ಚಿಗೆ ಎರೆಯಬೇಕು, ಒಂದು ಗಳಿಗೆ ತಡವಾದರೂ ಬಾಣಲೆಯಲ್ಲೇ ಗಟ್ಟಿ.

"ಯಾಕಜ್ಜಿ ಉಜ್ಜಬೇಕು?" ಅಂತ ಕೇಳಿದ್ದೆ.

"ಪಾಕ ಆದಮೇಲೆ ಅದಕ್ಕೆ ತಾನು ಸಕ್ಕರೆ ಅನ್ನೋದು ಮರ್ತು ಹೋಗಿರುತ್ತೆ ಪುಟ್ಟಿ. ಉಜ್ಜಿ ಉಜ್ಜಿ ನೆನಪು ಮಾಡಿಸ್ಬೇಕು."

"ನಿಂಬೆ ಯಾಕೆ?"

"ಕೊಳೆ ಬಿಡಲಿ, ಬೆಳ್ಳಗಾಗಲಿ ಅಂತ."

ನಿಂಬೆ ಹೋಳು ನನ್ನ ಕೈಗೆ ಕೊಟ್ಟು ಅಜ್ಜಿ ಹಿತ್ತಲಿಗೆ ಬಾಳೆಲೆ ಕುಯ್ಯಲು ಹೋದಳು. ಹಿಂದಿನ ವರ್ಷ ನನ್ನ ಗೆಳತಿಯ ಮನೆಯ ಅಚ್ಚು ನಮ್ಮದಕ್ಕಿಂತ ಬೆಳ್ಳಗಿತ್ತು. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ನಾಲ್ಕು ಹನಿಗೆ ಇಷ್ಟು ಬೆಳ್ಳಗಾದರೆ ಒಂದು ಹಣ್ಣಿಗೆ ಎಷ್ಟಾಗಬೇಡ! ಎರಡೂ ಹೋಳು ಹಿಂಡಿದೆ. ಸಾಲದೆಂದು ಇನ್ನೊಂದು ಹಣ್ಣು ಕುಯ್ದು ಅದನ್ನೂ ಹಿಂಡಿದೆ.

ಅಜ್ಜಿ ಬಂದಳು, ಪಾಕ ಸೋಸಿದಳು, ಕಾಯಿಸಿದಳು, ಉಜ್ಜಿದಳು. ಬೆಳ್ಳಗಾಗಲಿಲ್ಲ. ಇನ್ನೂ ಉಜ್ಜಿದಳು. ಪಾಕ ಜೇನಿನ ಹಾಗೆ ಹೊಳೆಯುತ್ತಲೇ ಇತ್ತು. ಇರಲಿ ಎಂದು ಎರಡು ಅಚ್ಚಿಗೆ ಎರೆದು ಅರ್ಧ ಗಂಟೆ ಬಿಟ್ಟು ಬಿಚ್ಚಿದರೆ, ಆನೆಯ ಎರಡು ಹೋಳಿನ ನಡುವೆ ಅಂಟು ಅಂಟಾದ ದಾರ. ಅಜ್ಜಿ ಬೆರಳು ನೆಕ್ಕಿದಳು. ನನ್ನ ಮುಖ ನೋಡಿದಳು.

"ಎಷ್ಟು ಹಿಂಡಿದೆ?"

"ಎರಡು ಹಣ್ಣು."

ಅಮ್ಮ ಕೈಯಲ್ಲಿದ್ದ ಚಾಕು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಒಂದೂವರೆ ಕೆ.ಜಿ. ಸಕ್ಕರೆ. ಎರಡೂವರೆ ತಿಂಗಳ ಕಾಫಿ. ನನಗೆ ಅದಕ್ಕಿಂತ ಹಜಾರದಲ್ಲಿದ್ದ ತಾತನ ನೆನಪಾಗಿ ಗಂಟಲು ಕಟ್ಟಿತು. ಅಜ್ಜಿ ಅಮ್ಮನಿಗೆ ಕೈ ಅಡ್ಡ ಹಿಡಿದಳು. "ಮಗೂನ ಏನೂ ಅನ್ಬೇಡ. ಇದಕ್ಕೆ ಪೂರಾ ಮರ್ತುಹೋಗಿದೆ, ಇನ್ನು ಎಷ್ಟು ಉಜ್ಜಿದರೂ ನೆನಪಾಗಲ್ಲ. ಬಿಡು, ಮಿಠಾಯಿಗೆ ಬರುತ್ತೆ."

ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರ ಓದುವಾಗ ಒಂದು ಮಧ್ಯಾಹ್ನ ಈ ಮಾತು ಥಟ್ಟನೆ ಎದುರಿಗೆ ಬಂದು ನಿಂತಿತು. ಹುಳಿ ಸೇರಿಸಿ ಕುದಿಸಿದರೆ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವೆರಡೂ ನಡುವೆ ಸೇರಿಕೊಂಡರೆ ಉಳಿದ ಸಕ್ಕರೆಗೆ ಹರಳುಗಟ್ಟಲು ಬಿಡುವುದಿಲ್ಲ. ಅಜ್ಜಿ ಮರೆವು ಅಂದದ್ದು ಅದನ್ನೇ. ಅಚ್ಚಿಗೆ ಹರಳು ಬೇಕು, ಮಿಠಾಯಿಗೆ ಬೇಡ. ಅವತ್ತು ಅಜ್ಜಿ ಆ ಪಾಕವನ್ನೇ ಇನ್ನಷ್ಟು ಕಾಯಿಸಿ, ತಣ್ಣೀರಿಗೆ ಒಂದು ಹನಿ ಬಿಟ್ಟರೆ ಟಣ್ ಅನ್ನುವ ಹದಕ್ಕೆ ತಂದು, ಉಳಿದಿದ್ದ ಕಡಲೆಬೀಜ ಸುರಿದು, ತುಪ್ಪ ಸವರಿದ ಮಣೆಯ ಮೇಲೆ ಲಟ್ಟಿಸಿದಳು. ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಕಾಣುವ ಮಿಠಾಯಿ.

ಉಳಿದ ಒಂದೂವರೆ ಕೆ.ಜಿ. ಒಲೆಗೆ ಏರಿತು. ಹಾಲು ಹಾಕಿ, ನೊರೆ ತೆಗೆದಾಯಿತು. ಅಜ್ಜಿ ಹೊಸ ನಿಂಬೆಹಣ್ಣು ಕುಯ್ದು ಹೋಳನ್ನು ಮತ್ತೆ ನನ್ನ ಕೈಗೇ ಕೊಟ್ಟಳು.

"ನಾಲ್ಕು. ಗಟ್ಟಿಯಾಗಿ ಎಣಿಸ್ತಾ ಹಾಕು."

ಕೈ ನಡುಗುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಹಜಾರದಲ್ಲಿ ರೇಡಿಯೋ ಸದ್ದು ಸಣ್ಣದಾಯಿತು, ತಾತ ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. ಬಾಣಲೆಯಲ್ಲಿ ಪಾಕ ಬೆಳ್ಳಗಾದಾಗ ತಮ್ಮ ಕೂಗಿಕೊಂಡ.

ಆನೆ ಒಂದಕ್ಕೆ ಹಿಡಿಯುವ ಪಾಕದಲ್ಲಿ ಆರು ಮೀನು ಆಗುತ್ತವೆ. ಅದಕ್ಕೇ ಆ ವರ್ಷ ಮೀನು, ಎಲೆ, ಗಿಳಿಯೇ ಹೆಚ್ಚು. ಮಂಟಪ ಒಂದೂ ಇಲ್ಲ. ಕೊನೆಗೆ ಉಳಿದದ್ದರಲ್ಲಿ ಒಂದೇ ಒಂದು ಆನೆ.

14ರ ಸಂಜೆ ರೇಡಿಯೋದಲ್ಲಿ ಇಂದಿರಾ ಗಾಂಧಿ ಮತ್ತೆ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ಸುದ್ದಿ. ನಾನು ಆ ಹೊತ್ತಿಗೆ ಪೊಟ್ಟಣ ಕಟ್ಟುತ್ತಿದ್ದೆ. ಮಾರನೇ ದಿನ ಹೊಸ ಲಂಗ ಉಟ್ಟು, ಅಮ್ಮ ಹೆಣೆದ ಕ್ರೋಷಾ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಹೊರಟೆ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅನ್ನುತ್ತಾ ಮನೆಯಿಂದ ಮನೆಗೆ. ಆನೆಯನ್ನು ಮೂಲೆಮನೆಗೆ ಕೊಡಬೇಕೆಂದು ಅಜ್ಜಿಯ ಅಪ್ಪಣೆಯಾಗಿತ್ತು. ಅಲ್ಲಿಯ ಕೂಸಿಗೆ ಅದು ಮೊದಲ ಸಂಕ್ರಾಂತಿ. ನಾನು ಹೋದಾಗ ಮಗುವನ್ನು ಹಸೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲಿಂದ ಎರೆಯುತ್ತಿದ್ದರು. ಉರುಳಿದ ಕಾಸಿಗೆ ನಾವೆಲ್ಲ ಮುಗಿಬಿದ್ದೆವು. ಗೆಳತಿಯ ಮನೆಗೆ ಕೊಟ್ಟದ್ದು ಒಂದು ಮೀನು, ಒಂದು ಎಲೆ. ಅವರ ಮನೆಯಿಂದ ಬಂದದ್ದೂ ಒಂದು ಎಲೆಯೇ. ಆ ವರ್ಷ ಎಲ್ಲರ ಮನೆಯಲ್ಲೂ ಡಬ್ಬಿ ಅಟ್ಟ ಏರಿತ್ತೆಂದು ಆಗ ಹೊಳೆಯಿತು.

ಕತ್ತಲಾಗುತ್ತಿತ್ತು. ದನಗಳನ್ನು ಕಿಚ್ಚು ಹಾಯಿಸುವುದನ್ನು ನೋಡಿ ಬಂದು ಕಾಲು ತೊಳೆಯುತ್ತಿದ್ದೆ. ಹಿಂದಿನ ಬೀದಿಯ ಹುಡುಗಿಯೊಬ್ಬಳು ಎಳ್ಳು ಬೀರಲು ಬಂದಳು. ಅಮ್ಮ ತಟ್ಟೆ ಖಾಲಿ ಮಾಡಿ, ನಮ್ಮದನ್ನು ಹಾಕಿಕೊಟ್ಟು ಕಳಿಸಿದಳು. ಬಂದ ಅಚ್ಚನ್ನು ತಮ್ಮ ಕೈಗೆತ್ತಿಕೊಂಡ, ತಿರುಗಿಸಿದ, ಉಸಿರು ಬಿಗಿಹಿಡಿದು ಕರೆದ:

"ಅಕ್ಕಾ! ಬಲಗಿವಿ ನೋಡು!"

ಗೆರೆ ಇತ್ತು. ಕೂದಲೆಳೆಯಷ್ಟು. ಮೂಲೆಮನೆಯವರು ಯಾರಿಗೆ ಕೊಟ್ಟರೋ, ಅವರು ಯಾರಿಗೆ ಕೊಟ್ಟರೋ, ಎಷ್ಟು ಹೊಸ್ತಿಲು ದಾಟಿತ್ತೋ. ಯಾರ ಮನೆಯಲ್ಲೂ ಅದನ್ನು ಮುರಿದು ಬಾಯಿಗೆ ಹಾಕಿಕೊಳ್ಳಲು ಮನಸ್ಸು ಬಂದಿರಲಿಲ್ಲ. ದಂತದ ತುದಿಯೂ ಮುಕ್ಕಾಗಿರಲಿಲ್ಲ. ಅಜ್ಜಿ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಮುಂದೆ ಆಚಾರಿಯೊಬ್ಬರು ಅಚ್ಚಿನ ಸೀಳು ಮುಚ್ಚಿಕೊಡುತ್ತೇನೆ ಅಂದಾಗ "ಬೇಡಪ್ಪ, ಅದು ನಮ್ಮನೆ ಗುರುತು" ಅಂದದ್ದು ಇದಕ್ಕೇ.

ಆ ಆನೆಯನ್ನು ದೇವರಮನೆಯಲ್ಲಿ ಇಡುತ್ತಾಳೆ ಅಂದುಕೊಂಡಿದ್ದೆ. ಮಾರನೇ ಬೆಳಗ್ಗೆ ಅಜ್ಜಿ ಹಿತ್ತಾಳೆಯ ಕಾಫಿ ಪಾತ್ರೆಯ ನಡುವೆ ಅದನ್ನು ನಿಲ್ಲಿಸಿ, ನಮ್ಮಿಬ್ಬರನ್ನೂ ಹತ್ತಿರ ಕರೆದು, ಬಿಸಿ ಡಿಕಾಕ್ಷನ್ನನ್ನು ಸಣ್ಣ ಧಾರೆಯಾಗಿ ಸುರಿದಳು. ಕಾಲು ಮುಳುಗಿತು. ಸೊಂಡಿಲು ಕರಗಿತು. ಬೆನ್ನು ಕಂದುಬಣ್ಣಕ್ಕೆ ತಿರುಗಿ ಮೆಲ್ಲಗೆ ವಾಲಿತು. ಮೇಲೆ ನೊರೆಹಾಲು ಬಿತ್ತು.

ಮೊದಲ ಲೋಟವನ್ನು ತಾತನಿಗೆ ಕೊಟ್ಟು ಬಾ ಎಂದು ನನ್ನನ್ನೇ ಕಳಿಸಿದಳು. ತಾತ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿಕೊಂಡು ಇನ್ನೊಂದು ಕುಡಿದರು. ಆಮೇಲೆ ಲೋಟವನ್ನು ಪಂಚೆಯ ತುದಿಯಲ್ಲಿ ಹಿಡಿದು, ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿದರು.